ಆರ್ಕಿಯಾಗಳಿಗೆ ಆಕಾರ ಎಲ್ಲಿಂದ ಬರುತ್ತದೆ?

ಓದುಗರ ಪ್ರಶ್ನೆ: ಬ್ಯಾಕ್ಟೀರಿಯಾಗಳಿಗೆ ಇರುವಂಥ ಗಟ್ಟಿ ಗೋಡೆ ಆರ್ಕಿಯಾಗಳಿಗೆ ಇಲ್ಲ ಅಂತ ಓದಿದೆ. ಹಾಗಿದ್ದರೆ ಅವೆಲ್ಲ ದುಂಡಗೇ ಇರಬೇಕಿತ್ತು, ಅಲ್ವಾ?

ಉತ್ತರ: ಆರ್ಕಿಯಾ ಅಂದರೆ ಬ್ಯಾಕ್ಟೀರಿಯಾಗಳ ಹಾಗೇ ಕಂಡರೂ ಅವುಗಳಿಗಿಂತ ಬೇರೆಯೇ ಗುಂಪಿಗೆ ಸೇರಿದ ಏಕಕೋಶ ಜೀವಿಗಳು. ಅವುಗಳಲ್ಲಿ ದುಂಡಗಿರುವವೂ ಇವೆ. ಆದರೆ ಉದ್ದನೆಯವು, ಚಪ್ಪಟೆಯಾದವು, ಮೂರು ಮೂಲೆಯವು, ಅಷ್ಟೇಕೆ, ಚೌಕಾಕಾರದವೂ ಇವೆ! ಸಿನಾಯ್ ಪರ್ಯಾಯ ದ್ವೀಪದ ಉಪ್ಪುಕೊಳವೊಂದರಲ್ಲಿ ಚೌಕದ ಜೀವಿ ಸಿಕ್ಕಿತು ಎಂದು ವಿಜ್ಞಾನಿ ಆಂಥನಿ ವಾಲ್ಸ್‌ಬಿ 1980ರಲ್ಲಿ ವರದಿ ಮಾಡಿದರು. ಅದನ್ನು ಲ್ಯಾಬಿನಲ್ಲಿ ಬೆಳೆಸಲು 2004ರವರೆಗೆ ಕಾಯಬೇಕಾಯಿತು. ಈಗ ಅದರ ಹೆಸರು ಹ್ಯಾಲೋಕ್ವಾಡ್ರಾಟಮ್ ವಾಲ್ಸ್‌ಬಿಯೈ.

ಗೋಡೆಯ ವಿಷಯ ಮೊದಲು ಮುಗಿಸೋಣ. ಬ್ಯಾಕ್ಟೀರಿಯಾಗಳ ಗೋಡೆಯನ್ನು ಗಟ್ಟಿ ಮಾಡುವ ಪೆಪ್ಟಿಡೋಗ್ಲೈಕಾನ್ ಎಂಬ ವಸ್ತು ಆರ್ಕಿಯಾಗಳಲ್ಲಿ ಇಲ್ಲ, ನಿಜ. ಹಾಗಂತ ಅವು ಬರಿಮೈಯಲ್ಲಿ ಇರುವುದಿಲ್ಲ. ಬಹಳಷ್ಟು ಆರ್ಕಿಯಾಗಳ ಪೊರೆಯ ಮೇಲೆ ಎಸ್-ಲೇಯರ್ ಎಂಬ ಹೊದಿಕೆ ಇರುತ್ತದೆ. ಪ್ರೋಟೀನ್‌ಗಳು ಒಂದರ ಪಕ್ಕ ಒಂದು ಒತ್ತಾಗಿ ಸೇರಿ ಆದ ಹೊದಿಕೆ ಅದು.

ಇನ್ನು ಒತ್ತಡ. ಕೋಶದ ಹೊರಗಿಗಿಂತ ಒಳಗೆ ಲವಣಾಂಶ ಜಾಸ್ತಿ ಇದ್ದರೆ ನೀರು ಒಳಗೆ ನುಗ್ಗುತ್ತದೆ, ಕೋಶ ಉಬ್ಬುತ್ತದೆ. ಉಬ್ಬಿದ ಚೀಲ ದುಂಡಗಾಗಲು ನೋಡುತ್ತದೆ. ನಿಮ್ಮ ಊಹೆಯ ಹಿಂದೆಯೂ ಇದೇ ಲೆಕ್ಕ ಇದೆ, ತಪ್ಪೇನಿಲ್ಲ. ಆದರೆ ಉಪ್ಪುಕೊಳದ ಆರ್ಕಿಯಾಗಳು ತಮ್ಮೊಳಗೂ ಪೊಟ್ಯಾಸಿಯಮ್ ಲವಣ ತುಂಬಿಕೊಂಡು ಹೊರಗಿನ ಉಪ್ಪಿಗೆ ಸರಿಸಮ ಮಾಡಿಕೊಂಡಿರುತ್ತವೆ. ಒಳಗಿನಿಂದ ತಳ್ಳುವ ಒತ್ತಡ ತೀರಾ ಕಡಿಮೆ. ಹಾಗಾಗಿ ಹಪ್ಪಳದ ಹಾಗೆ ತೆಳ್ಳಗೆ ಇದ್ದರೂ ನಡೆಯುತ್ತದೆ.

ಇದು ಅರ್ಧ ಉತ್ತರ ಮಾತ್ರ. ಒತ್ತಡ ಇಲ್ಲದಿದ್ದರೆ ಚಪ್ಪಟೆಯಾಗಲು ಅಡ್ಡಿ ಇಲ್ಲ, ಅಷ್ಟೆ. ಒಂದೇ ಜಾತಿಯ ಕೋಶ ಒಮ್ಮೆ ಚಪ್ಪಟೆ, ಒಮ್ಮೆ ಕಡ್ಡಿ ಆಗುವುದು ಹೇಗೆ? ನನ್ನ ಪ್ರಕಾರ ನಿಜವಾದ ಸ್ವಾರಸ್ಯ ಇರುವುದು ಇಲ್ಲೇ.

ಮೃತ ಸಮುದ್ರದಲ್ಲಿ ಸಿಕ್ಕ ಹ್ಯಾಲೋಫೆರಾಕ್ಸ್ ವೋಲ್ಕನಿಯೈ ಎಂಬ ಆರ್ಕಿಯಾವನ್ನೇ ನೋಡಿ. ಹೊಸ ಪೋಷಕ ದ್ರಾವಣಕ್ಕೆ ಹಾಕಿದ ಶುರುವಿನಲ್ಲಿ ಬಹಳಷ್ಟು ಕೋಶಗಳು ಕಡ್ಡಿಯಾಕಾರದಲ್ಲಿ ಇರುತ್ತವೆ, ಚುರುಕಾಗಿ ಈಜುತ್ತವೆ. ಸಂಖ್ಯೆ ಹೆಚ್ಚಿದ ಹಾಗೆ ಚಪ್ಪಟೆಯಾಗುತ್ತವೆ, ಓಡಾಟವೂ ತಗ್ಗುತ್ತದೆ. ಕಡ್ಡಿಯಾಕಾರ ತಾಳಲು ಸೆಟ್‌ಜ಼ಡ್1 ಎಂಬ ಪ್ರೋಟೀನ್ ಬೇಕು ಎಂದು ವಿಜ್ಞಾನಿಗಳಾದ ಇಯಾನ್ ಡಗ್ಗಿನ್, ಯಾನ್ ಲೋವೆ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದರು.

ಪ್ರಯೋಗ ಸರಳವಾಗಿತ್ತು. ಮೆತ್ತಗಿನ ಅಗಾರ್ ಎಂಬ ಜೆಲ್ಲಿಯ ನಡುವೆ ಸ್ವಲ್ಪ ಕೋಶಗಳನ್ನು ಇಟ್ಟರೆ, ಅವು ಈಜುತ್ತಾ ಸುತ್ತಲೂ ಹರಡುತ್ತವೆ. ಹರಡಿದ ವೃತ್ತದ ಅಂಚಿನಿಂದ ಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಡ್ಡಿಗಳು ಕಾಣುತ್ತವೆ. ಸೆಟ್‌ಜ಼ಡ್1ರ ಜೀನ್ ತೆಗೆದುಹಾಕಿದ ಕೋಶಗಳು ಕಡ್ಡಿಯಾಗಲಿಲ್ಲ, ದೂರ ಹರಡಲೂ ಇಲ್ಲ. ಅದೇ ಪ್ರೋಟೀನನ್ನು ಜಾಸ್ತಿ ತಯಾರಿಸುವಂತೆ ಮಾಡಿದಾಗ ಕೋಶಗಳು ಕಡ್ಡಿಯಾದವು. ತೆಗೆದರೆ ಇಲ್ಲ, ಹೆಚ್ಚಿಸಿದರೆ ಇದೆ. ಇದಕ್ಕಿಂತ ಚೊಕ್ಕ ಸಾಕ್ಷಿ ಇನ್ನೇನು ಬೇಕು?

ಈ ಸೆಟ್‌ಜ಼ಡ್ ನಮಗೆ ತೀರಾ ಹೊರಗಿನದಲ್ಲ. ನಮ್ಮ ಜೀವಕೋಶಗಳ ಒಳಗೆ ಕೊಳವೆಯಂಥ ಎಳೆಗಳನ್ನು ಕಟ್ಟುವ ಟ್ಯುಬುಲಿನ್ ಎಂಬ ಪ್ರೋಟೀನ್‌ಗೂ ಅದಕ್ಕೂ ಹತ್ತಿರದ ನಂಟಿದೆ. ಬ್ಯಾಕ್ಟೀರಿಯಾ ಎರಡಾಗಿ ಒಡೆಯುವಾಗ ನಡುವೆ ಉಂಗುರ ಕಟ್ಟುವ ಎಫ್‌ಟಿಎಸ್‌ಜ಼ಡ್ ಕೂಡ ಅದೇ ಬಳಗದ್ದು. ಹ್ಯಾಲೋಫೆರಾಕ್ಸ್‌ನಲ್ಲಿ ಎಫ್‌ಟಿಎಸ್‌ಜ಼ಡ್ ಎರಡು ಬಗೆ ಇವೆ, ಎರಡೂ ಕೋಶ ಒಡೆಯುವ ಕೆಲಸಕ್ಕೆ. ಆಕಾರ ಬದಲಿಸುವ ಕೆಲಸ ಬೇರೆ ನೆಂಟನ ಪಾಲಿಗೆ ಬಂದಿದೆ.

ಎಲ್ಲ ಆರ್ಕಿಯಾಗಳಲ್ಲೂ ಇದೇ ಏರ್ಪಾಡು ಅಂದುಕೊಳ್ಳಬೇಡಿ. ಬಿಸಿನೀರಿನ ಬುಗ್ಗೆಯ ಪೈರೋಬ್ಯಾಕ್ಯುಲಮ್ ಕಡ್ಡಿಯಾಕಾರದ್ದು. ಅದರಲ್ಲಿರುವುದು ಕ್ರೆನ್‌ಆಕ್ಟಿನ್ ಎಂಬ ಬೇರೆ ಪ್ರೋಟೀನ್, ಅಂದರೆ ನಮ್ಮ ಸ್ನಾಯುಗಳಲ್ಲಿರುವ ಆಕ್ಟಿನ್ ಎಂಬ ಪ್ರೋಟೀನ್‌ನ ನೆಂಟ. ಅದೇ ರೀತಿ ಬಿಸಿನೀರಿನಲ್ಲಿ ಬದುಕುವ ಸಲ್ಫೋಲೋಬಸ್‌ನಲ್ಲಿ ಕ್ರೆನ್‌ಆಕ್ಟಿನ್ ಇಲ್ಲ. ಅದು ಹೆಚ್ಚುಕಡಿಮೆ ದುಂಡಗೇ ಇದೆ, ನೀವು ಊಹಿಸಿದ ಹಾಗೆ.

ನಮಗೆ ಇನ್ನೂ ಹತ್ತಿರದವು ಅಸ್ಗಾರ್ಡ್ ಎಂಬ ಗುಂಪಿನ ಆರ್ಕಿಯಾಗಳು. ಆಕ್ಟಿನ್‌ಗೆ ಅಂಟಿಕೊಳ್ಳುವ ಪ್ರೊಫಿಲಿನ್ ಎಂಬ ಪ್ರೋಟೀನ್ ಅವುಗಳಲ್ಲಿದೆ, ಅದನ್ನು ಮೊಲದ ಆಕ್ಟಿನ್ ಜೊತೆ ಬೆರೆಸಿ ನೋಡಿದ್ದಾರೆ. ಅದು ಮೊಲದ ಆಕ್ಟಿನ್‌ಗೂ ಅಂಟಿಕೊಂಡಿತು! ಸ್ಲೊವೇನಿಯಾದ ಕರಾವಳಿಯ ಕೆಸರಿನಿಂದ ಬೆಳೆಸಿದ ಅಸ್ಗಾರ್ಡ್ ಆರ್ಕಿಯಾ ಒಂದರ ಚಿತ್ರಗಳು 2023ರಲ್ಲಿ ಬಂದವು. ಪುಟ್ಟ ದುಂಡು ಮೈ, ಅದರಿಂದ ಹೊರಟ ಉದ್ದುದ್ದ ಕವಲುಗಳು. ಮೈಯೊಳಗೂ ಆ ಕವಲುಗಳೊಳಗೂ ಆಕ್ಟಿನ್ ಎಳೆಗಳು ಹಾದುಹೋಗಿದ್ದವು.