ಪೋಸ್ಟ್ ಆಮೇಲೆ, ಮೊದಲು ಕಾಮೆಂಟ್ ನೋಡಿ

ಹೊಸ ಕಂಪನಿಯೊಂದು ಸೋಶಿಯಲ್ ಮೀಡಿಯಾ ಕೆಲಸಕ್ಕೆ ನನ್ನ ಬಳಿ ಬಂದರೆ ನಾನು ಅವರ ಪೋಸ್ಟ್‌ಗಳನ್ನು ನೋಡುವುದಿಲ್ಲ. ಸೀದಾ ಕಾಮೆಂಟ್‌ಗಳಿಗೆ ಇಳಿಯುತ್ತೇನೆ. ಪೋಸ್ಟ್ ಚೆಂದವೇ ಇರುತ್ತದೆ, ದುಡ್ಡು ಕೊಟ್ಟು ಮಾಡಿಸಿದ್ದು ಅಲ್ವಾ?

ಕೆಳಗೆ ಸಾಮಾನ್ಯವಾಗಿ ಸಿಗುವುದು ಇಂಥದ್ದು. ಗ್ರಾಹಕರೊಬ್ಬರು ಬರೆದಿರುತ್ತಾರೆ: "ವಾಷಿಂಗ್ ಮಷಿನ್ ರಿಪೇರಿಗೆ ಇವತ್ತು ಬರ್ತೀವಿ ಅಂದ್ರಿ. ರಜೆ ಹಾಕಿ ಕೂತಿದ್ದೆ. ಯಾರೂ ಬರಲಿಲ್ಲ." ಕಂಪನಿಯ ಉತ್ತರ: "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ದಯವಿಟ್ಟು ಮೆಸೇಜ್ ಮಾಡಿ." ಅದರ ಕೆಳಗಿನ ದೂರಿಗೂ ಇದೇ ಉತ್ತರ. ಅದರ ಕೆಳಗೂ ಇದೇ. ಯಾರೂ ದೂರು ಓದಿಲ್ಲ ಅಂತ ನೋಡಿದವರಿಗೆಲ್ಲ ಗೊತ್ತಾಗುತ್ತದೆ.

ನಾನಾದರೆ ಹೀಗೆ ಬರೆಸುತ್ತೇನೆ: "ನೀವು ರಜೆ ಹಾಕಿ ಕಾದಿರಿ, ನಾವು ಬರಲಿಲ್ಲ. ತಪ್ಪು ನಮ್ಮದೇ. ಕಂಪ್ಲೇಂಟ್ ನಂಬರ್ ಇನ್‌ಬಾಕ್ಸ್‌ಗೆ ಕಳಿಸಿ, ಸಂಜೆ ಆರರೊಳಗೆ ಹೊಸ ಸಮಯ ತಿಳಿಸುತ್ತೇವೆ." ರಜೆ ಎಂಬ ಮಾತು ಉತ್ತರದಲ್ಲೂ ಬಂತು ನೋಡಿ. ಆ ಮನುಷ್ಯನ ಸಿಟ್ಟು ಮಷಿನ್ ಮೇಲಲ್ಲ, ಹಾಳಾದ ರಜೆಯ ಮೇಲೆ.

ನಂಬರ್ ಇನ್‌ಬಾಕ್ಸ್‌ಗೇ ಯಾಕೆ? ಎಲ್ಲರೆದುರು ಬರೆಸಿದರೆ ಹೊಂಚು ಹಾಕಿ ಕೂತ ನಕಲಿ ಕಸ್ಟಮರ್ ಕೇರ್ ಖಾತೆಗಳು ಅದನ್ನು ಎತ್ತಿಕೊಳ್ಳುತ್ತವೆ. ಕೆಲವು ಸಲ ಅಸಲಿ ಕಂಪನಿಗಿಂತ ಬೇಗ ಉತ್ತರ ಕೊಡುವುದೂ ಅವೇ! ಕೆಲಸ ಮುಗಿದ ಮೇಲೆ ಅದೇ ಕಾಮೆಂಟಿಗೆ ವಾಪಸ್ ಬಂದು "ಸರಿಹೋಯಿತಾ?" ಅಂತ ಕೇಳಬೇಕು. ಜಾಸ್ತಿ ಜನ ಮರೆಯುವುದು ಇದನ್ನೇ.

ಆದರೆ ಸಂಜೆ ಆರರ ಮಾತು ಉಳಿಯಬೇಕಾದರೆ, ಉತ್ತರ ಬರೆಯುವವರು ಸರ್ವಿಸ್ ವಿಭಾಗಕ್ಕೆ ಫೋನ್ ಹಚ್ಚಿ ಕೆಲಸ ಮಾಡಿಸುವಂತಿರಬೇಕು. ಬರೀ ಪೋಸ್ಟ್ ಹಾಕುವ ಹುಡುಗನಿಗೆ ಆ ಅಧಿಕಾರ ಇರುವುದಿಲ್ಲ, ಪಾಪ. 2010ರಲ್ಲಿ ಐಸ್‌ಲ್ಯಾಂಡ್‌ನ ಜ್ವಾಲಾಮುಖಿಯ ಬೂದಿಯಿಂದ ಯುರೋಪಿನ ವಿಮಾನಗಳು ನಿಂತಾಗ, ನೆದರ್‌ಲ್ಯಾಂಡ್ಸ್‌ನ ವಿಮಾನ ಕಂಪನಿ ಕೆಎಲ್‌ಎಂ ತನ್ನ ಸಿಬ್ಬಂದಿಯನ್ನು ಫೇಸ್‌ಬುಕ್, ಟ್ವಿಟರ್‌ಗಳಲ್ಲಿ ಉತ್ತರ ಕೊಡಲು ಕೂರಿಸಿತು. ಆಮೇಲೆ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಎಂಬುದನ್ನೂ ತನ್ನ ಟ್ವಿಟರ್ ಪುಟದ ತಲೆಯಲ್ಲೇ ತೋರಿಸತೊಡಗಿತು. ಇದಕ್ಕೆ ಧೈರ್ಯ ಬೇಕು.

ಬೈದ ಕಾಮೆಂಟ್ ಅಳಿಸಬೇಡಿ. ಅಶ್ಲೀಲ, ಬೆದರಿಕೆ ಇದ್ದರೆ ಮಾತ್ರ ತೆಗೆಯಿರಿ. ಫೇಸ್‌ಬುಕ್‌ನಲ್ಲಿ ಸುಮ್ನೆ ಮರೆಮಾಡಿದರೂ ಬರೆದವರಿಗೆ, ಅವರ ಗೆಳೆಯರಿಗೆ ಅದು ಕಾಣುತ್ತಲೇ ಇರುತ್ತದೆ.

ಇನ್ನು ಟ್ರೆಂಡಿಂಗ್ ಹ್ಯಾಶ್‌ಟ್ಯಾಗ್ ಹುಚ್ಚು. 2014ರಲ್ಲಿ ಅಮೆರಿಕದ ಪಿಜ್ಜಾ ಬ್ರ್ಯಾಂಡ್ ಡಿಜೊರ್ನೊ, 'ನಾನೇಕೆ ಉಳಿದೆ' ಎಂಬರ್ಥದ ಹ್ಯಾಶ್‌ಟ್ಯಾಗ್ ಹಿಡಿದು ಪಿಜ್ಜಾ ಜೋಕ್ ಹಾಕಿತು. ಅಲ್ಲಿ ಹೆಣ್ಣುಮಕ್ಕಳು, ಹೊಡೆಯುವ ಸಂಗಾತಿಯನ್ನು ತಾವೇಕೆ ಬಿಟ್ಟು ಬರಲಾಗಲಿಲ್ಲ ಅಂತ ಹೇಳಿಕೊಳ್ಳುತ್ತಿದ್ದರು. ಹಾಕುವ ಮುಂಚೆ ನಾಲ್ಕು ಟ್ವೀಟ್ ಓದಿದ್ದರೆ ಸಾಕಿತ್ತು. ಬೇಗನೆ ಅಳಿಸಿದರು, ಓದಿರಲಿಲ್ಲ ಅಂತ ಒಪ್ಪಿಕೊಂಡರು. ನೊಂದು ಬರೆದವರಿಗೆ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕ್ಷಮೆ ಕೇಳಿದರು, ಒಂದೇ ಸಾಲನ್ನು ಕಾಪಿ ಮಾಡಿ ಅಂಟಿಸಲಿಲ್ಲ.