ನೀರಲ್ಲಿ ಗಾಡಿ ಓಡುತ್ತದಂತೆ, ಹೈಡ್ರೋಜನ್‌ಗೆ ಕಾಯೋದಾ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ತೋಟ. ಒಂದು ಕಾರು, ಒಂದು ಲಾರಿ ತೆಗೆದುಕೊಳ್ಳಬೇಕು. ಎಲೆಕ್ಟ್ರಿಕ್, ಸಿಎನ್‌ಜಿ ಎರಡನ್ನೂ ನೋಡಿದೆ. ಹೈಡ್ರೋಜನ್ ಗಾಡಿ ಬರೀ ನೀರಿನಲ್ಲಿ ಓಡುತ್ತದಂತೆ. ಅದಕ್ಕೇ ಕಾಯಲಾ?

ಉತ್ತರ: ಕಾಯಬೇಡಿ. ಇದಕ್ಕೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. 2022ರಲ್ಲಿ ನಿತಿನ್ ಗಡ್ಕರಿ ಟೊಯೋಟಾ ಮಿರಾಯ್ ಕಾರಿನಲ್ಲಿ ಸಂಸತ್ತಿಗೆ ಬಂದಾಗಿನಿಂದ ಈ ನೀರಿನ ಮಾತು ನಿಂತೇ ಇಲ್ಲ. ಆ ಕಾರಿನಿಂದ ಹೊರಗೆ ಬರುವುದು ನೀರು, ನಿಜ. ಒಳಗೆ ತುಂಬುವುದು ನೀರಲ್ಲ. 700 ಬಾರ್ ಒತ್ತಡದಲ್ಲಿ ತುಂಬಿಸಿದ ಹೈಡ್ರೋಜನ್.

ನೀರು ಅಂದರೆ ಉರಿದು ಮುಗಿದ ಹೈಡ್ರೋಜನ್. ಒಲೆಯ ಬೂದಿ ಇದ್ದ ಹಾಗೆ. ಬೂದಿಯನ್ನು ಮತ್ತೆ ಸೌದೆ ಮಾಡಬೇಕಾದರೆ, ಉರಿದಾಗ ಬಂದ ಶಕ್ತಿಯನ್ನೆಲ್ಲ ವಾಪಸ್ ಕೊಡಬೇಕು. ಅದಕ್ಕಿಂತ ಜಾಸ್ತಿಯೇ ಕೊಡಬೇಕು.

ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಿ. ಒಂದು ಲೋಟ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿ. ಉಪ್ಪು ಬೇಡ, ಕ್ಲೋರಿನ್ ಬರುತ್ತದೆ. ಎರಡು ಪೆನ್ಸಿಲ್‌ಗಳನ್ನು ಎರಡೂ ತುದಿ ಕೆತ್ತಿ ನೀರಿಗೆ ಇಳಿಸಿ, ಮೇಲಿನ ಸೀಸಗಳಿಗೆ 9 ವೋಲ್ಟ್ ಬ್ಯಾಟರಿಯ ತಂತಿ ಸುತ್ತಿ. ಎರಡೂ ಸೀಸಕ್ಕೆ ಸಣ್ಣ ಸಣ್ಣ ಗುಳ್ಳೆ ಅಂಟಿಕೊಳ್ಳುತ್ತವೆ. ಮೈನಸ್ ಕಡೆ ಜಾಸ್ತಿ, ಅದೇ ಹೈಡ್ರೋಜನ್. ಈಗ ತಂತಿ ತೆಗೆಯಿರಿ. ಗುಳ್ಳೆ ನಿಂತುಹೋಯಿತು, ಅಲ್ವಾ? ನೀರು ಲೋಟದಲ್ಲಿ ಹಾಗೇ ಇದೆ. ಖರ್ಚಾಗುತ್ತಿದ್ದದ್ದು ಬ್ಯಾಟರಿ. ನಾನು ಪಾಠ ಮಾಡಿದ ಮಕ್ಕಳು ಇದನ್ನು ಒಮ್ಮೆ ನೋಡಿದ ಮೇಲೆ ಮತ್ತೆ ಯಾವತ್ತೂ ಈ ಪ್ರಶ್ನೆ ಕೇಳಿಲ್ಲ.

ಇನ್ನು ಲೆಕ್ಕ. ಒಂದು ಕಿಲೋ ಹೈಡ್ರೋಜನ್‌ಗೆ ನೀರು ಬೇಕಾಗುವುದು ಒಂಬತ್ತು ಲೀಟರ್ ಅಷ್ಟೇ. ಹೇಮಾವತಿಯಲ್ಲಿ ನೀರಿಗೆ ಬರವಿಲ್ಲ. ಆದರೆ ಕರೆಂಟು ಸುಮಾರು 55 ಯೂನಿಟ್ ಬೇಕು. ಆ ಒಂದು ಕಿಲೋದಲ್ಲಿ ಕಾರು ಸುಮಾರು 100 ಕಿ.ಮೀ. ಓಡುತ್ತದೆ. ಅದೇ 55 ಯೂನಿಟ್ ನೇರವಾಗಿ ಬ್ಯಾಟರಿ ಕಾರಿಗೆ ಹಾಕಿದರೆ 300 ಕಿ.ಮೀ. ದಾಟುತ್ತದೆ.

ಲಾರಿಗೆ ‘ನೀರಿನ ಕಿಟ್’ (ನೀರನ್ನು ಕರೆಂಟಿನಿಂದ ಒಡೆದು ಎಂಜಿನ್ನಿಗೆ ಹೈಡ್ರೋಜನ್ ಬಿಡುವ ಡಬ್ಬಿ) ಕೂರಿಸಿದರೆ ಮೈಲೇಜ್ ಬರುತ್ತದೆ ಎನ್ನುವವರ ಮಾತನ್ನೂ ಕೇಳಬೇಡಿ. ಕಿಟ್‌ಗೆ ಕರೆಂಟು ಕೊಡುವುದು ಆಲ್ಟರ್ನೇಟರ್, ಅದನ್ನು ತಿರುಗಿಸುವುದು ನಿಮ್ಮದೇ ಡೀಸೆಲ್. ಸುಮ್ನೆ ದುಡ್ಡು ಹಾಳು.

ಹಾಗಾದರೆ ಏನು ತೆಗೆದುಕೊಳ್ಳಬೇಕು? ಮನೆ ಅಂಗಳದಲ್ಲೇ ಚಾರ್ಜ್ ಮಾಡುವ ಅನುಕೂಲ ಇದ್ದರೆ ಕಾರು ಎಲೆಕ್ಟ್ರಿಕ್ಕೇ ಇರಲಿ. ಸಿಎನ್‌ಜಿ ಅಂದರೆ ಮೀಥೇನ್. ಶಿರಾಡಿ ಘಾಟಿಯಲ್ಲಿ ಬುಲೆಟ್ ಟ್ಯಾಂಕರ್‌ನಲ್ಲಿ ಬರುವ ಅಡುಗೆ ಗ್ಯಾಸ್ ಅಲ್ಲ, ಅದು ಎಲ್‌ಪಿಜಿ. ದಿನಾ ಹೋಗುವ ದಾರಿಯಲ್ಲಿ ಪಂಪ್ ಇದ್ದರೆ ಸಿಎನ್‌ಜಿಯೂ ಆಗಬಹುದು. ಏರಿನಲ್ಲಿ ಎಳೆತ ಸ್ವಲ್ಪ ಕಡಿಮೆ, ಡಿಕ್ಕಿಯಲ್ಲಿ ಸಿಲಿಂಡರ್ ಕೂರುತ್ತದೆ. ಲಾರಿಯ ವಿಷಯ ಕಷ್ಟದ್ದು. ತುಂಬಿದ ಲಾರಿ ಒಂದೇ ಚಾರ್ಜ್‌ನಲ್ಲಿ 300 ಕಿ.ಮೀ. ಓಡಬೇಕಾದರೆ ಬ್ಯಾಟರಿಯೇ ಎರಡೂವರೆ ಟನ್ ಮೇಲೆ ತೂಗುತ್ತದೆ. ಅದಕ್ಕೇ ದೂರದ ಭಾರೀ ಲಾರಿಗಳಿಗೆ ಹೈಡ್ರೋಜನ್ ನೋಡುತ್ತಿದ್ದಾರೆ. ಟಾಟಾ 2025ರಲ್ಲಿ ಪ್ರಯೋಗಕ್ಕೆ ಇಳಿಸಿದೆ. ನಿಮಗೆ ಈ ಸೀಸನ್ನಿಗೇ ಲಾರಿ ಬೇಕಿದ್ದರೆ ಡೀಸೆಲ್ಲೇ ತೆಗೆದುಕೊಳ್ಳಿ.

ನೀವು ಕೇಳದಿದ್ದರೂ ಘಾಟಿಯ ಬಗ್ಗೆ ಒಂದು ಮಾತು ಹೇಳಬೇಕು. ಸಕಲೇಶಪುರದಿಂದ ಘಾಟಿಯ ಬುಡದ ಗುಂಡ್ಯಕ್ಕೆ ಸುಮಾರು 800 ಮೀಟರ್ ಇಳಿತ. 25 ಟನ್ ಲಾರಿ ಅಷ್ಟು ಇಳಿದರೆ 54 ಯೂನಿಟ್‌ನಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಸ್ವಲ್ಪ ಟೈರು, ಗಾಳಿಗೆ ಹೋಗುತ್ತದೆ. ಉಳಿದದ್ದನ್ನು ಎಂಜಿನ್ನು, ಬ್ರೇಕು ತಡೆಯಬೇಕು. ಗುಂಡ್ಯದಲ್ಲಿ ನಿಂತ ಲಾರಿಯ ಚಕ್ರದ ಹತ್ತಿರ ಬರುವ ಸುಟ್ಟ ವಾಸನೆ ಅದೇ. ಡೀಸೆಲ್ ಇರಲಿ, ಸಿಎನ್‌ಜಿ ಇರಲಿ, ಆ ಶಕ್ತಿ ಬಿಸಿಯಾಗಿ ಹೋಗುತ್ತದೆ. ಬ್ಯಾಟರಿ ಗಾಡಿಯಲ್ಲಿ ಮೋಟಾರೇ ಜನರೇಟರ್ ಆಗಿ ಬಹುಪಾಲನ್ನು ವಾಪಸ್ ತುಂಬುತ್ತದೆ, ಬ್ರೇಕೂ ತಣ್ಣಗಿರುತ್ತದೆ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ವಾಪಸ್ ಬಂದದ್ದಕ್ಕೆ ಜಾಗವಿರುವುದಿಲ್ಲ, ಆ ಹಿಡಿತವೂ ಸಿಗುವುದಿಲ್ಲ. ಹಾಗಾಗಿ ಮಂಗಳೂರಿಗೆ ಹೊರಟ ದಿನ ತೋಟದಲ್ಲಿ ಕಾರನ್ನು ನೂರಕ್ಕೆ ನೂರು ಚಾರ್ಜ್ ಮಾಡಬೇಡಿ. ತೊಂಬತ್ತಕ್ಕೆ ಪ್ಲಗ್ ತೆಗೆಯಿರಿ.