ಗ್ರಾಫಿಕ್ಸ್ ಕಾರ್ಡ್ ಬದಲಿಸಲಾ, ಬೇಡ್ವಾ?

ಪ್ರಶ್ನೆ: ಸರ್, ನನ್ನ ಪಿಸಿಯಲ್ಲಿ ಐ5 10400ಎಫ್ ಪ್ರೊಸೆಸರ್, 8 ಜಿಬಿ ರ‍್ಯಾಮ್, ಜಿಟಿಎಕ್ಸ್ 1650 ಕಾರ್ಡ್ ಇದೆ. ಮಾನಿಟರ್ ಫುಲ್ ಎಚ್‌ಡಿ, 60 ಹರ್ಟ್ಸ್. ಜಾಸ್ತಿ ಆಡೋದು ವ್ಯಾಲರಂಟ್, ಜಿಟಿಎ 5. ಹೊಸ ಗೇಮ್‌ಗಳು ತಡೆದು ತಡೆದು ಓಡುತ್ತವೆ, ಕೆಲವು ತೆರೆಯುವುದೇ ಇಲ್ಲ. ಕೈಯಲ್ಲಿ 30 ಸಾವಿರ ಇದೆ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಲಾ?

ಉತ್ತರ: ಹಾಕಿಸಬಹುದು. ಆದರೆ ಅಂಗಡಿಗೆ ಹೋಗುವ ಮೊದಲು ಒಂದು ಸಂಜೆ ಪಿಸಿ ಮುಂದೆ ಕೂತು ಒಂದು ವಿಷಯ ಪಕ್ಕಾ ಮಾಡಿಕೊಳ್ಳಿ. ಗೇಮ್ ನಿಧಾನ ಆಗುತ್ತಿರುವುದು ಕಾರ್ಡ್‌ನಿಂದಲೇನಾ? ಈ ಪ್ರಶ್ನೆ ಕೇಳುವವರಲ್ಲಿ ಬಹಳ ಮಂದಿ ಪರೀಕ್ಷೆ ಮಾಡದೆಯೇ ಕಾರ್ಡ್ ಮೇಲೆ ತಪ್ಪು ಹೊರಿಸಿಬಿಟ್ಟಿರುತ್ತಾರೆ. 30 ಸಾವಿರದ ಊಹೆ ಸ್ವಲ್ಪ ದುಬಾರಿಯಲ್ವಾ?

ಮೊದಲು ಇಂಟರ್ನೆಟ್ ತೊಂದರೆಯನ್ನು ಪಕ್ಕಕ್ಕಿಡೋಣ. ವ್ಯಾಲರಂಟ್‌ನಲ್ಲಿ ಇಲ್ಲಿದ್ದ ಎದುರಾಳಿ ಪಟ್ಟನೆ ಅಲ್ಲಿ ಕಾಣಿಸಿದರೆ, ಸರಿಯಾಗಿ ಗುಂಡು ಹೊಡೆದರೂ ಲೆಕ್ಕಕ್ಕೆ ಬರದಿದ್ದರೆ, ಪಿಂಗ್ (ಗೇಮ್ ಸರ್ವರ್‌ಗೆ ಸಂದೇಶ ಹೋಗಿ ಬರಲು ಹಿಡಿಯುವ ಸಮಯ) ಎಷ್ಟಿದೆ ನೋಡಿ. ಲಕ್ಷ ರೂಪಾಯಿಯ ಕಾರ್ಡ್ ಹಾಕಿದರೂ ಆ ತೊಂದರೆ ಹೋಗುವುದಿಲ್ಲ. ವೈಫೈ ಬಿಟ್ಟು ಕೇಬಲ್ ಹಾಕಿದರೆ ಹೋದರೂ ಹೋಯಿತು. ಚಿತ್ರವೇ ತಡೆದು ತಡೆದು ಬರುತ್ತಿದ್ದರೆ ಮುಂದಕ್ಕೆ ಓದಿ.

ತೆರೆಯ ಮೇಲೆ ಬರುವ ಪ್ರತಿ ಫ್ರೇಮ್‌ಗೂ, ಅಂದರೆ ಪ್ರತಿ ಚಿತ್ರಕ್ಕೂ, ಇಬ್ಬರು ದುಡಿಯುತ್ತಾರೆ. ಯಾವ ಕಾರು ಎಲ್ಲಿದೆ, ಯಾರು ಎತ್ತ ಓಡುತ್ತಿದ್ದಾರೆ ಎಂಬ ಲೆಕ್ಕ ಪ್ರೊಸೆಸರ್‌ನದು. ಅದನ್ನು ಚಿತ್ರ ಮಾಡಿ ಕೊಡುವುದು ಗ್ರಾಫಿಕ್ಸ್ ಕಾರ್ಡ್. ರಂಗೋಲಿಯಲ್ಲಿ ಒಬ್ಬರು ಚುಕ್ಕಿ ಇಟ್ಟು ಗೆರೆ ಎಳೆದು, ಇನ್ನೊಬ್ಬರು ಬಣ್ಣ ತುಂಬಿದ ಹಾಗೆ. ರಂಗೋಲಿಯನ್ನು ಚಿಕ್ಕದು ಮಾಡಿದರೆ ಬಣ್ಣ ತುಂಬುವವರಿಗೆ ಕೆಲಸ ಕಡಿಮೆ. ಚುಕ್ಕಿ ಮಾತ್ರ ಅಷ್ಟೇ ಇಡಬೇಕು. ನಿಮ್ಮ ಪರೀಕ್ಷೆ ನಿಂತಿರುವುದೂ ಇದರ ಮೇಲೆಯೇ.

ತೊಂದರೆ ಕೊಡುವ ಗೇಮ್ ತೆರೆಯಿರಿ. ಚಿತ್ರದ ವೇಗವನ್ನು ಮಾನಿಟರ್ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ಆಫ್ ಮಾಡಿ. ಎಫ್‌ಪಿಎಸ್‌ಗೆ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕಕ್ಕೆ) ಮಿತಿ ಹಾಕಿದ್ದರೆ ಅದನ್ನೂ ತೆಗೆಯಿರಿ, ಇಲ್ಲದಿದ್ದರೆ ಕಾರ್ಡ್ 60ಕ್ಕೆ ಬಂದು ತಾನೇ ನಿಂತುಬಿಡುತ್ತದೆ, ನಿಮಗೆ ಏನೂ ತಿಳಿಯುವುದಿಲ್ಲ. ವಿಂಡೋಸ್ ಕೀ ಜೊತೆ ಜಿ ಒತ್ತಿದರೆ ಬರುವ ಗೇಮ್ ಬಾರ್‌ನಲ್ಲಿ, ಅಥವಾ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಹಾಕಿಕೊಂಡು, ಎಫ್‌ಪಿಎಸ್ ಮತ್ತು ಕಾರ್ಡ್ ಎಷ್ಟು ಶೇಕಡಾ ದುಡಿಯುತ್ತಿದೆ ಎಂಬುದನ್ನು ನೋಡಿ. ಆಮೇಲೆ ಅದೇ ಜಾಗದಲ್ಲಿ ನಿಂತು ರೆಸಲ್ಯೂಷನ್ ಅನ್ನು 1920×1080ರಿಂದ 1280×720ಕ್ಕೆ ಇಳಿಸಿ. ಬೇರೆ ಏನನ್ನೂ ಮುಟ್ಟಬೇಡಿ. ಮೊದಲು ಪ್ರತಿ ಫ್ರೇಮ್‌ಗೆ ಸುಮಾರು 20.7 ಲಕ್ಷ ಪಿಕ್ಸೆಲ್ ತುಂಬುತ್ತಿದ್ದ ಕಾರ್ಡ್‌ಗೆ ಈಗ 9.2 ಲಕ್ಷ ತುಂಬಿದರೆ ಸಾಕು. ಎಫ್‌ಪಿಎಸ್ 40ರಿಂದ 65ಕ್ಕೋ 70ಕ್ಕೋ ಜಿಗಿದರೆ ಸುಸ್ತಾಗಿರುವುದು ಕಾರ್ಡೇ. 40 ಇದ್ದದ್ದು 43 ಆದರೆ ಕಾರ್ಡ್ ಸುಮ್ನೆ ಕಾಯುತ್ತಾ ಕೂತಿದೆ. ಪ್ರೊಸೆಸರ್ ಅಥವಾ ರ‍್ಯಾಮ್ ಕಡೆ ನೋಡಬೇಕು.

ನಿಮ್ಮ ವಿಷಯದಲ್ಲಿ ನನಗೆ ಮೊದಲ ಅನುಮಾನ ರ‍್ಯಾಮ್ ಮೇಲೆ. 8 ಜಿಬಿ ಅಂದರೆ ಬಹುಶಃ ಒಂದೇ ಸ್ಟಿಕ್. ಒಂದೇ ಸ್ಟಿಕ್ ಇದ್ದಾಗ ಪ್ರೊಸೆಸರ್ ಮತ್ತು ರ‍್ಯಾಮ್ ನಡುವೆ ಒಂದೇ ದಾರಿ ತೆರೆದಿರುತ್ತದೆ. ಎರಡು ಹಾಕಿದರೆ ಎರಡು ದಾರಿ. ಜೊತೆಗೆ ಈಗಿನ ದೊಡ್ಡ ಗೇಮ್‌ಗಳಲ್ಲಿ ಹೆಚ್ಚಿನವು 16 ಜಿಬಿ ಕೇಳುತ್ತವೆ. ಹಿಂದೆ ಕ್ರೋಮ್ ಒಂದು ತೆರೆದಿದ್ದರಂತೂ ನಿಮ್ಮ 8 ಜಿಬಿ ಗೇಮ್ ಶುರುವಾಗುವ ಮೊದಲೇ ಅರ್ಧ ತುಂಬಿಹೋಗಿರುತ್ತದೆ. ಕಣ್ಣು ಮಿಟುಕಿಸಿದಂತೆ ಆಗಾಗ ಗೇಮ್ ನಿಲ್ಲುವುದು ಹಲವು ಸಲ ಇದರಿಂದಲೇ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿದೆ, ಎಐ ಕಂಪನಿಗಳ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ. ಹಾಗಾಗಿ ಸೆಕೆಂಡ್ ಹ್ಯಾಂಡ್ ಡಿಡಿಆರ್4 ಸ್ಟಿಕ್ ಒಂದನ್ನು ಹುಡುಕಿ. ರ‍್ಯಾಮ್ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದರಲ್ಲಿ ಕಾರ್ಡ್‌ನಷ್ಟು ಅಪಾಯ ಇಲ್ಲ.

ಇನ್ನು ಮಾನಿಟರ್. ಅಂಗಡಿಯವರು ಇದನ್ನು ಸಾಮಾನ್ಯವಾಗಿ ಎತ್ತುವುದಿಲ್ಲ. 60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುತ್ತದೆ. ಹೊಸ ಕಾರ್ಡ್ ವ್ಯಾಲರಂಟ್‌ನಲ್ಲಿ 300 ಎಫ್‌ಪಿಎಸ್ ಕೊಟ್ಟರೂ ನಿಮ್ಮ ಕಣ್ಣಿಗೆ ಬೀಳುವುದು 60. ಮೌಸ್ ಚೂರು ಚುರುಕಾದಂತೆ ಅನಿಸಬಹುದು, ಅಷ್ಟೇ. ವ್ಯಾಲರಂಟ್ ಹಗುರ ಗೇಮ್. 1650ರಲ್ಲೇ ಸೆಟ್ಟಿಂಗ್ಸ್ ಕೆಳಗಿಟ್ಟರೆ 100ಕ್ಕೂ ಜಾಸ್ತಿ ಬರುತ್ತದೆ. ಅಂದರೆ ನಿಮ್ಮ ಕಾರ್ಡ್ ಈಗಾಗಲೇ ಕೊಡುತ್ತಿರುವುದನ್ನು ಮಾನಿಟರ್ ತೋರಿಸುತ್ತಿಲ್ಲ. ನೀವು ಮುಕ್ಕಾಲು ಹೊತ್ತು ವ್ಯಾಲರಂಟನ್ನೇ ಆಡುವವರಾದರೆ ನನ್ನ ಸಲಹೆ ಕಾರ್ಡ್ ಅಲ್ಲ, 144 ಹರ್ಟ್ಸ್ ಅಥವಾ ಅದಕ್ಕಿಂತ ಮೇಲಿನ ಮಾನಿಟರ್. ಕಾರ್ಡ್‌ಗಿಂತ ಕಡಿಮೆ ದುಡ್ಡಿಗೆ ಬರುತ್ತದೆ, ವ್ಯತ್ಯಾಸ ಮೊದಲ ದಿನವೇ ಕಾಣುತ್ತದೆ. ತಂದ ಮೇಲೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 144 ಅಂತ ಆರಿಸುವುದನ್ನು ಮರೆಯಬೇಡಿ. ಮರೆತು ವರ್ಷಗಟ್ಟಲೆ 60ರಲ್ಲೇ ಆಡಿದವರಿದ್ದಾರೆ.

ಆದರೆ ‘ಕೆಲವು ತೆರೆಯುವುದೇ ಇಲ್ಲ’ ಅಂದಿದ್ದೀರಲ್ಲ, ಅಲ್ಲಿ ಕಾರ್ಡ್‌ನದೇ ತಪ್ಪು. ಜಿಟಿಎಕ್ಸ್ 1650 ಬಂದದ್ದು 2019ರ ಏಪ್ರಿಲ್‌ನಲ್ಲಿ. ಅದರಲ್ಲಿ ರೇ ಟ್ರೇಸಿಂಗ್ ಹಾರ್ಡ್‌ವೇರ್, ಅಂದರೆ ಬೆಳಕು ನೆರಳನ್ನು ನಿಜದಂತೆ ಲೆಕ್ಕ ಹಾಕುವ ಭಾಗ, ಇಲ್ಲ. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಗೇಮ್, 2025ರ ಡೂಮ್: ದಿ ಡಾರ್ಕ್ ಏಜಸ್, ಎರಡೂ ಆ ಹಾರ್ಡ್‌ವೇರ್ ಬೇಕೇ ಬೇಕು ಎನ್ನುತ್ತವೆ. ಸೆಟ್ಟಿಂಗ್ಸ್ ಎಷ್ಟು ಇಳಿಸಿದರೂ ಪ್ರಯೋಜನವಿಲ್ಲ. ಜೊತೆಗೆ 4 ಜಿಬಿ ಮೆಮೊರಿ. ಕಾರ್ಡ್‌ನ ಮೆಮೊರಿ ತುಂಬಿ ತುಳುಕಿದಾಗ ಉಳಿದದ್ದು ಪಿಸಿಯ ರ‍್ಯಾಮ್‌ಗೆ ಹೋಗುತ್ತದೆ, ಅಲ್ಲಿಂದ ತರುವುದು ನಿಧಾನ. ಕ್ಯಾಮೆರಾ ತಿರುಗಿಸಿದಾಗೆಲ್ಲ ಜರ್ಕ್ ಹೊಡೆದರೆ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಸೆಟ್ಟಿಂಗ್ ಒಂದನ್ನು ಮಾತ್ರ ಇಳಿಸಿ ನೋಡಿ. ಸರಿಹೋದರೆ ಮೆಮೊರಿ ಸಾಲದಾಗಿದೆ ಎಂದೇ ಅರ್ಥ. ಇಂಥ ಗೇಮ್‌ಗಳನ್ನೇ ಆಡಬೇಕು ಅಂತಿದ್ದರೆ ಬದಲಿಸಿ, ಹಿಂದೆಮುಂದೆ ನೋಡಬೇಡಿ.

ಯಾವುದು ಕೊಳ್ಳಬೇಕು? ಇಲ್ಲಿ ನಿಮ್ಮ ಮದರ್‌ಬೋರ್ಡ್ ಕೂಡ ಮಾತಾಡುತ್ತದೆ. ಪಿಸಿಐಇ ಅಂದರೆ ಕಾರ್ಡ್ ಮತ್ತು ಪ್ರೊಸೆಸರ್ ನಡುವಿನ ದಾರಿ, ಲೇನ್ ಅಂದರೆ ಆ ದಾರಿಯ ಒಂದೊಂದು ಸಾಲು. 10400ಎಫ್ ಪಿಸಿಐಇ 3.0 ಕಾಲದ್ದು, ಅಂದರೆ ಹಳೇ, ನಿಧಾನದ ದಾರಿ. ಈಗಿನ ಕಡಿಮೆ ಬೆಲೆಯ ಕಾರ್ಡ್‌ಗಳು ಪೂರ್ತಿ 16 ಲೇನ್ ಬಳಸುವುದಿಲ್ಲ. ಆರ್‌ಟಿಎಕ್ಸ್ 4060, ಆರ್‌ಟಿಎಕ್ಸ್ 5060, ಆರ್‌ಎಕ್ಸ್ 6600, ಮೂರೂ 8 ಲೇನ್‌ನವು, ಮೂರಕ್ಕೂ 8 ಜಿಬಿ ಮೆಮೊರಿ. ಹಳೇ ಬೋರ್ಡ್‌ನಲ್ಲೂ ಚೆನ್ನಾಗಿ ಓಡುತ್ತವೆ. ಆ 8 ಜಿಬಿ ತುಂಬಿದಾಗ ಮಾತ್ರ ಹೊಸ ಬೋರ್ಡ್‌ಗಿಂತ ಜಾಸ್ತಿ ಒದ್ದಾಡುತ್ತವೆ. ಟೆಕ್ಸ್ಚರ್ ಅನ್ನು ಅಲ್ಟ್ರಾ ಬದಲು ಹೈನಲ್ಲಿಟ್ಟರೆ ಫುಲ್ ಎಚ್‌ಡಿಯಲ್ಲಿ ತೊಂದರೆ ಕಡಿಮೆ. ಹೊಸದೇ ಬೇಕು, ವಾರಂಟಿ ಬೇಕು ಅಂದರೆ 5060 ಸರಿ. ಸೆಕೆಂಡ್ ಹ್ಯಾಂಡ್‌ಗೆ ಮನಸ್ಸಿದ್ದರೆ ಆರ್‌ಟಿಎಕ್ಸ್ 3060ರ 12 ಜಿಬಿ ಮಾದರಿ ನಿಮ್ಮಂಥ ಹಳೇ ಬೋರ್ಡ್‌ಗೆ ಒಳ್ಳೆಯ ಜೋಡಿ. 16 ಲೇನ್ ಪೂರ್ತಿ ಬಳಸುತ್ತದೆ, ಮೆಮೊರಿಯೂ ಧಾರಾಳ. ಬರೀ ವೇಗದಲ್ಲಿ 5060 ಮುಂದು.

ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗಕ್ಕೆ ಸಿಕ್ಕಿತು ಅಂತ ಯಾರಾದರೂ ತಂದರೆ ಬೇಡ ಅನ್ನಿ. ಅದಕ್ಕೆ ನಾಲ್ಕೇ ಲೇನ್, 4 ಜಿಬಿ ಮೆಮೊರಿ. ನಿಮ್ಮ ಬೋರ್ಡ್‌ನಲ್ಲಿ ಅದರ ಉಸಿರು ಕಟ್ಟುತ್ತದೆ. ಇಂಟೆಲ್‌ನ ಆರ್ಕ್ ಬಿ580 ಕಾಗದದ ಮೇಲೆ ಆಕರ್ಷಕ, 12 ಜಿಬಿ ಇದೆ. ಆದರೆ ರೀಸೈಜಬಲ್ ಬಾರ್ (ಕಾರ್ಡ್‌ನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೇ ಮುಟ್ಟುವ ಸೌಲಭ್ಯ) ಇಲ್ಲದೆ ಅದು ಕುಂಟುತ್ತದೆ, ಹಳೇ ಪ್ರೊಸೆಸರ್‌ಗಳ ಜೊತೆ ಅಷ್ಟಾಗಿ ಹೊಂದುವುದಿಲ್ಲ. ನಿಮಗೆ ಅದೂ ಬೇಡ.

ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ) ನೋಡದೆ ಕಾರ್ಡ್ ಬುಕ್ ಮಾಡಬೇಡಿ. 1650ಕ್ಕೆ 75 ವಾಟ್ ಸಾಕು, ಅದು ಕಾರ್ಡ್ ಕೂರುವ ಸ್ಲಾಟ್‌ನಿಂದಲೇ ಸಿಗುತ್ತದೆ. 5060ಕ್ಕೆ 145 ವಾಟ್, 3060ಕ್ಕೆ 170 ವಾಟ್ ಬೇಕು, ಬೇರೆ ಪವರ್ ಕೇಬಲ್ ಹಾಕಬೇಕು. ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್ ಮೇಲೆ ದೊಡ್ಡದಾಗಿ 450 ಅಂತ ಬರೆದಿರಬಹುದು, ಅದನ್ನು ನಂಬಬೇಡಿ. ಸ್ಟಿಕರ್‌ನಲ್ಲಿ 12 ವೋಲ್ಟ್ ಎದುರು ಎಷ್ಟು ಆಂಪ್ ಇದೆ ನೋಡಿ. 18 ಆಂಪ್ ಅಂದರೆ 12 ಗುಣಿಸು 18, ಬರೀ 216 ವಾಟ್. ಕಾರ್ಡ್, ಪ್ರೊಸೆಸರ್ ಎರಡೂ ಅದರಲ್ಲೇ ಬದುಕಬೇಕು. ಎನ್‌ವಿಡಿಯಾ 5060ಕ್ಕೆ 550 ವಾಟ್‌ನ ಎಸ್‌ಎಂಪಿಎಸ್ ಹೇಳುತ್ತದೆ. ಒಳ್ಳೆಯದೊಂದನ್ನು ಬಜೆಟ್‌ನಲ್ಲೇ ಸೇರಿಸಿಕೊಳ್ಳಿ. ಅದಕ್ಕೆ ದುಡ್ಡಿಲ್ಲ, ಆದರೂ ಹೊಸ ಗೇಮ್ ತೆರೆಯಬೇಕು ಎನ್ನುವವರಿಗೆ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ ಇದೆ. 70 ವಾಟ್‌ನಲ್ಲಿ, ಸ್ಲಾಟ್‌ನ ಕರೆಂಟಿನಲ್ಲೇ ನಡೆಯುತ್ತದೆ. ವೇಗದಲ್ಲಿ ದೊಡ್ಡ ಜಿಗಿತ ಬಯಸಬೇಡಿ.

ಯುಪಿಎಸ್ ಇದ್ದರೆ ಅದನ್ನೂ ಲೆಕ್ಕ ಹಾಕಿ. ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಕೊಡುವುದು 360 ವಾಟ್ ಆಸುಪಾಸು. ಗೇಮ್ ನಡುವೆ ಕರೆಂಟ್ ಹೋದ ಕೂಡಲೇ ಕೀಂ ಎಂದು ಎಲ್ಲವೂ ಆಫ್ ಆದರೆ ಹೊಸ ಕಾರ್ಡನ್ನು ಬೈಯಬೇಡಿ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ತಗೊಂಡರೂ, ಆನ್‌ಲೈನ್‌ನಲ್ಲಿ ಪರಿಚಯವಾದವರ ಮನೆಯಲ್ಲಿ ತಗೊಂಡರೂ, ಕಣ್ಣೆದುರು ಅರ್ಧ ಗಂಟೆ ಭಾರದ ಗೇಮ್ ಓಡಿಸಿ ನೋಡಿ. ಬಣ್ಣದ ಚುಕ್ಕಿ, ಗೆರೆ ಬಂದರೆ ಎದ್ದು ಬನ್ನಿ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಓಡಿಸಿದರೆ ಹೆಸರು ಬದಲಿಸಿದ ನಕಲಿ ಕಾರ್ಡ್‌ಗಳು ಸಿಕ್ಕಿಬೀಳುತ್ತವೆ. 3060 ಕಾಲದ ಕಾರ್ಡ್‌ಗಳಲ್ಲಿ ಎಷ್ಟೋ ಹಗಲೂ ರಾತ್ರಿ ಕ್ರಿಪ್ಟೋ ಗಣಿಗಾರಿಕೆಗೆ ದುಡಿದವು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋ ಕರೆನ್ಸಿ ಗಣಿಗಾರಿಕೆಯ ಪದ್ಧತಿ ಬಿಟ್ಟ ಮೇಲೆ ಮಾರುಕಟ್ಟೆಗೆ ಬಂದು ಬಿದ್ದವು. ಮೈನಿಂಗ್ ಮಾಡಿದ್ದೆಲ್ಲ ಕೆಟ್ಟದ್ದೇನಲ್ಲ, ಫ್ಯಾನ್ ಸವೆದಿರುತ್ತದೆ ಅಷ್ಟೇ. ಸದ್ದು ಕೇಳಿ ನೋಡಿ, ಬಿಲ್ ಕೇಳಿ.

ನಿಮ್ಮ ಮನಸ್ಸಿನಲ್ಲಿ ಜಿಟಿಎ 6 ಇರಬಹುದು, ಈ ಪ್ರಶ್ನೆಯ ಹಿಂದೆ ಬಹಳ ಸಲ ಅದೇ ಇರುತ್ತದೆ. ಅದನ್ನು ಘೋಷಿಸಿದ್ದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್‌ಗೆ. ಜಿಟಿಎ 5 ಕೂಡ ಕನ್ಸೋಲ್‌ಗಳಿಗೆ 2013ರ ಸೆಪ್ಟೆಂಬರ್‌ನಲ್ಲಿ ಬಂದರೆ, ಪಿಸಿಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ. ಅದಕ್ಕಾಗಿ ಈಗಲೇ ಕಾರ್ಡ್ ತಂದಿಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

ಕೊನೆಗೆ, ಹೊಸದು ತಂದರೂ 1650 ಅನ್ನು ಕೂಡಲೇ ಮಾರಬೇಡಿ. ನಿಮ್ಮ ಪ್ರೊಸೆಸರ್ ಹೆಸರಿನ ಕೊನೆಗಿರುವ ‘ಎಫ್’ ಅಂದರೆ ಅದರೊಳಗೆ ಸ್ವಂತ ಗ್ರಾಫಿಕ್ಸ್ ಇಲ್ಲ. ಹೊಸ ಕಾರ್ಡ್ ಕೆಟ್ಟು ವಾರಂಟಿಗೆ ಹೋದರೆ ವಾರಗಟ್ಟಲೆ ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ. ಒಂದೆರಡು ತಿಂಗಳು ಹೊಸದು ಸರಿಯಾಗಿ ಓಡಲಿ, ಆಮೇಲೆ ಮಾರಿ. ಪವರ್ ಕೇಬಲ್ ಇಲ್ಲದೆ ನಡೆಯುವ 1650 ಮಾದರಿಗಳಿಗೆ ಹಳೇ ಆಫೀಸ್ ಪಿಸಿ ಇಟ್ಟುಕೊಂಡವರಲ್ಲಿ ಗಿರಾಕಿ ಇದ್ದೇ ಇದೆ.